ಮನೆಯಲ್ಲೇ ಸೀಸರ್: ಮರುವಾಯಿ ರಸ ಹದಕ್ಕೆ ಬರುವುದು ಹೇಗೆ?

ಬೋ ನದಿಯ ದಂಡೆ

ಎಲ್ಲರಿಗೂ ನಮಸ್ಕಾರ. ಕೆನಡಾದ ಕ್ಯಾಲ್ಗರಿಯಲ್ಲಿ ನನಗಿದು ಏಳನೆಯ ಬೇಸಿಗೆ. ಇಲ್ಲಿಯವರ ಮನೆಗೆ ರಜೆಯ ಮಧ್ಯಾಹ್ನ ಊಟಕ್ಕೆ ಹೋದರೆ ಕೈಗೆ ಮೊದಲು ಬರುವುದು ಸೀಸರ್. ಅಂಚಿಗೆ ಸೆಲರಿ ಉಪ್ಪು ಮೆತ್ತಿದ ಎತ್ತರದ ಲೋಟ, ಒಳಗೆ ಮಂಜುಗಡ್ಡೆ, ವೋಡ್ಕಾ, ಟೊಮೇಟೊ ಮತ್ತು ಕ್ಲ್ಯಾಮ್ ರಸ, ಖಾರದ ಸಾಸ್, ವೂಸ್ಟರ್‌ಶೈರ್ ಸಾಸ್, ಮೇಲೊಂದು ಸೆಲರಿ ದಂಟು. ಕ್ಲ್ಯಾಮ್ ಎಂದರೆ ನಮ್ಮ ಕರಾವಳಿಯವರು ಮರುವಾಯಿ, ಬಳಚು ಎಂದು ಕರೆಯುವ ಚಿಪ್ಪುಜೀವಿಗಳ ಬಳಗ. ಇಲ್ಲಿ ಮರುವಾಯಿ ಎಂದೇ ಬರೆಯುತ್ತೇನೆ.

ಈ ಪಾನೀಯ ನನಗೆ ತುಂಬಾ ಇಷ್ಟ. ಆದರೆ ಬಾಟಲಿಯಲ್ಲಿ ಬರುವ ಮಿಶ್ರಣ ನನ್ನ ನಾಲಗೆಗೆ ಸಿಹಿ ಹೆಚ್ಚು. ಆದ್ದರಿಂದ ಕಳೆದ ಶನಿವಾರ ರಸವನ್ನು ಮನೆಯಲ್ಲೇ ತಯಾರಿಸಲು ಕುಳಿತೆ. ಒಂದು ಡಜನ್ ಮರುವಾಯಿಯನ್ನು ಇಪ್ಪತ್ತು ನಿಮಿಷ ಕುದಿಸಿದೆ, ಅಂಗಡಿಯ ತಾಜಾ ಟೊಮೇಟೊವನ್ನು ಮಿಕ್ಸಿಯಲ್ಲಿ ರುಬ್ಬಿದೆ, ಎರಡನ್ನೂ ಮಂಜುಗಡ್ಡೆಯ ಜೊತೆ ಡಬ್ಬಿಗೆ ಹಾಕಿ ಜೋರಾಗಿ ಕುಲುಕಿದೆ. ಸಿಕ್ಕಿದ್ದು ಗುಲಾಬಿ ಬಣ್ಣದ ನೊರೆ. ಕೆಳಗೆ ನೀರು, ತಳದಲ್ಲಿ ಮರಳು. ವಾಸನೆಯಂತೂ ಮೀನಿನ ದೋಣಿ ತೊಳೆದ ನೀರಿನದು. ಬಂದಿದ್ದ ಇಬ್ಬರು ಸ್ನೇಹಿತರು ಮರ್ಯಾದೆಗೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಬಹಳ ಬೇಸರವಾಯಿತು.

ನನ್ನ ಪ್ರಶ್ನೆಗಳು ಇವು. ಕೆಟ್ಟ ವಾಸನೆ ಇಲ್ಲದೆ ಮರುವಾಯಿ ರಸ ತೆಗೆಯುವುದು ಹೇಗೆ? ಟೊಮೇಟೊ ತಾಜಾ ಇರಬೇಕೋ, ಡಬ್ಬಿಯದೋ? ನನ್ನ ಗಂಡ ಸಸ್ಯಾಹಾರಿ, ಅವರಿಗೂ ಒಂದು ಲೋಟ ಕೊಡಲು ದಾರಿ ಇದೆಯೇ? ವಿಕ್ಟೋರಿಯಾ ದಿನದ ರಜೆಗೆ ಮನೆಗೆ ಎಂಟು ಜನ ಬರುತ್ತಿದ್ದಾರೆ. ಅಷ್ಟರಲ್ಲಿ ಕಲಿಯಬೇಕು.

ಹುಳಿಖಾರ

ಟೊರೊಂಟೊದಿಂದ ಬರೆಯುತ್ತಿದ್ದೇನೆ. ನಿಮ್ಮ ಶ್ರಮಕ್ಕೆ ಗೌರವವಿದೆ, ಆದರೂ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಸೀಸರ್ ಎಂಬುದು ಕ್ಲಮಾಟೊ ಎಂಬ ಟೊಮೇಟೊ-ಮರುವಾಯಿ ಮಿಶ್ರಣದ ಬಾಟಲಿಯ ಸುತ್ತ ಬೆಳೆದ ಪಾನೀಯ. ಈ ದೇಶದವರ ನಾಲಗೆಯಲ್ಲಿ ಕುಳಿತಿರುವ ರುಚಿ ಅದೇ. ಆ ಸಣ್ಣ ಸಿಹಿಯೂ ಆ ರುಚಿಯ ಭಾಗವೇ. ಅದನ್ನು ತೆಗೆದರೆ ನೀವು ಬೇರೊಂದು ಪಾನೀಯ ಮಾಡುತ್ತೀರಿ. ಒಳ್ಳೆಯದೇ ಇರಬಹುದು, ಸೀಸರ್ ಆಗಿರುವುದಿಲ್ಲ. ಸಿಹಿ ಹೆಚ್ಚೆನಿಸಿದರೆ ನಿಂಬೆ ರಸವನ್ನೂ ಮೂಲಂಗಿ ಜಾತಿಯ ಖಾರದ ಬೇರು ಹಾರ್ಸ್‌ರ‍್ಯಾಡಿಶ್ ತುರಿಯನ್ನೂ ಸೇರಿಸಿ. ಎರಡೇ ನಿಮಿಷದ ಕೆಲಸ.

ತಿಳಿಸಾರು

ಹುಳಿಖಾರ ಅವರ ಮಾತನ್ನು ಒಪ್ಪುವುದಿಲ್ಲ, ಏಕೆಂದರೆ ಚರಿತ್ರೆ ಬೇರೆಯೇ ಹೇಳುತ್ತದೆ.

ಈ ಪಾನೀಯ ಹುಟ್ಟಿದ್ದು ಬೋ ನದಿಯವರ ಊರಿನಲ್ಲೇ, 1969ರಲ್ಲಿ. ಆಗ ಕ್ಯಾಲ್ಗರಿ ಇನ್ ಎಂದು ಹೆಸರಿದ್ದ ಹೋಟೆಲ್ ಈಗ ವೆಸ್ಟಿನ್ ಆಗಿದೆ. ಅಲ್ಲಿ ಮಾರ್ಕೋಸ್ ಎಂಬ ಇಟಾಲಿಯನ್ ಊಟದ ಮನೆ ಶುರುವಾಗುವುದಿತ್ತು. ಅದರ ಆರಂಭಕ್ಕೆ ಹೊಸ ಪಾನೀಯವೊಂದು ಬೇಕೆಂದು ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಚೆಲ್ ಅವರಿಗೆ ಒಪ್ಪಿಸಿದರು. ಚೆಲ್ ಅವರ ಮನಸ್ಸಿನಲ್ಲಿದ್ದದ್ದು ಇಟಲಿಯ ಸ್ಪಗೆಟ್ಟಿ ಆಲೆ ವೊಂಗೊಲೆ, ಅಂದರೆ ಮರುವಾಯಿ ಹಾಕಿದ ಶಾವಿಗೆಯಂಥ ತಿನಿಸು. ಆ ತಟ್ಟೆಯ ರುಚಿಯನ್ನು ಲೋಟಕ್ಕೆ ಇಳಿಸಬೇಕೆಂದು ತಿಂಗಳುಗಟ್ಟಲೆ ಪ್ರಯತ್ನಿಸಿ, ಮರುವಾಯಿಯನ್ನು ಜಜ್ಜಿ ತೆಗೆದ ರಸವನ್ನು ಟೊಮೇಟೊ ರಸ, ವೋಡ್ಕಾ, ವೂಸ್ಟರ್‌ಶೈರ್ ಸಾಸ್, ಉಪ್ಪು, ಮೆಣಸಿನ ಜೊತೆ ಬೆರೆಸಿದರು. ಅಮೆರಿಕದ ಡಫಿ-ಮಾಟ್ ಕಂಪನಿಯ ಕ್ಲಮಾಟೊ ಮಾರುಕಟ್ಟೆಗೆ ಬಂದದ್ದೂ ಸರಿಸುಮಾರು ಅದೇ ಕಾಲದಲ್ಲಿ. ಎರಡೂ ಕೈಹಿಡಿದು ಬೆಳೆದವು ಎಂಬುದು ನಿಜ. ಆದರೆ ಮೊದಲ ಲೋಟದಲ್ಲಿದ್ದದ್ದು ಕೈಯಿಂದ ತೆಗೆದ ರಸ. ಆದ್ದರಿಂದ ಬೋ ನದಿಯವರು ಮೂಲದ ದಾರಿಗೇ ಮರಳುತ್ತಿದ್ದಾರೆ.

ಸಮುದ್ರದಿಂದ ನೂರಾರು ಕಿಲೋಮೀಟರು ಒಳಗಿರುವ, ಗೋಮಾಂಸಕ್ಕೆ ಹೆಸರಾದ ಊರಿನಲ್ಲಿ ಮರುವಾಯಿಯ ಪಾನೀಯ ಹುಟ್ಟಿತಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕಡಲ ಮಗ್ಗುಲು

ವ್ಯಾಂಕೂವರ್ ದ್ವೀಪದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮರುವಾಯಿ ನಮ್ಮ ಮನೆಯಲ್ಲಿ ವಾರದ ಅಡುಗೆ. ಬೋ ನದಿಯವರೇ, ನಿಮ್ಮ ತಪ್ಪು ಒಂದೇ: ಇಪ್ಪತ್ತು ನಿಮಿಷ. ಮರುವಾಯಿಯನ್ನು ಬೇಯಿಸುವುದಲ್ಲ, ಬಾಯಿ ಬಿಡಿಸುವುದು. ಚಿಪ್ಪು ತೆರೆದ ಕ್ಷಣದಲ್ಲಿ ಅದರೊಳಗಿನ ರಸ ಹೊರಗೆ ಬರುತ್ತದೆ, ನಮಗೆ ಬೇಕಾದದ್ದು ಅಷ್ಟೇ. ಅದಾದ ಮೇಲೂ ಕುದಿಸಿದರೆ ಮಾಂಸ ರಬ್ಬರಾಗುತ್ತದೆ, ನೀವು ಹೇಳಿದ ಆ ದೋಣಿಯ ವಾಸನೆ ರಸಕ್ಕೆ ಇಳಿಯುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಒಂದು ಕಿಲೋ ಮನಿಲಾ ಮರುವಾಯಿ ತೆಗೆದುಕೊಳ್ಳಿ. ಬ್ರಿಟಿಷ್ ಕೊಲಂಬಿಯಾದ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅದೇ, ಆಲ್ಬರ್ಟಾಕ್ಕೂ ಬರುತ್ತದೆ. ಅದು ಇಲ್ಲಿಯ ಮೂಲದ್ದಲ್ಲ, 1930ರ ದಶಕದಲ್ಲಿ ಜಪಾನಿನಿಂದ ಸಿಂಪಿಯ ಮರಿಗಳನ್ನು ತಂದಾಗ ಅವುಗಳ ಜೊತೆ ಅರಿಯದೆ ಬಂದು ಈ ತೀರದಲ್ಲಿ ನೆಲೆಯಾಯಿತು. ಮನೆಗೆ ತಂದ ತಕ್ಷಣ ಪ್ಲಾಸ್ಟಿಕ್ ಚೀಲದಿಂದ ಹೊರತೆಗೆಯಿರಿ, ಗಾಳಿಯಾಡದಿದ್ದರೆ ಸಾಯುತ್ತವೆ. ಬಾಯಿ ತೆರೆದಿರುವುದನ್ನು ಬೆರಳಿನಿಂದ ತಟ್ಟಿ. ಜೀವವಿದ್ದರೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳದಿದ್ದರೆ, ಚಿಪ್ಪು ಒಡೆದಿದ್ದರೆ, ಎಸೆಯಿರಿ.

ಇನ್ನು ಮರಳು. ಒಂದು ಲೀಟರ್ ತಣ್ಣೀರಿಗೆ 30 ಗ್ರಾಂ ಉಪ್ಪು ಕರಗಿಸಿ, ಅಗಲ ತಟ್ಟೆಯಲ್ಲಿ ಮರುವಾಯಿಗಳನ್ನು ಒಂದರ ಮೇಲೊಂದು ಬಾರದಂತೆ ಹರಡಿ, ಮೇಲೆ ಬಟ್ಟೆ ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಕತ್ತಲಲ್ಲಿ ಅವು ತಾವಾಗಿಯೇ ಮರಳು ಉಗುಳುತ್ತವೆ. ಸಿಹಿನೀರಿನಲ್ಲಿ ಮಾತ್ರ ಎಂದೂ ನೆನೆಸಬೇಡಿ. ಆಮೇಲೆ ಎತ್ತಿ, ಚಿಪ್ಪುಗಳನ್ನು ಉಜ್ಜಿ ತೊಳೆಯಿರಿ.

ದಪ್ಪ ತಳದ ಪಾತ್ರೆಯಲ್ಲಿ 250 ಮಿಲಿ ನೀರು, ಒಂದು ಸೆಲರಿ ದಂಟು, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ. ಉಪ್ಪು ಬೇಡವೇ ಬೇಡ, ಮರುವಾಯಿಯೊಳಗೆ ಇರುವುದು ಸಮುದ್ರದ ನೀರೇ. ನೀರು ಕುದಿ ಬಂದಾಗ ಮರುವಾಯಿ ಸುರಿದು ಮುಚ್ಚಳ ಹಾಕಿ. ದೊಡ್ಡ ಉರಿ, ಐದು ನಿಮಿಷ. ಮಧ್ಯೆ ಒಮ್ಮೆ ಪಾತ್ರೆಯನ್ನು ಅಲುಗಿಸಿ. ತೆರೆದವನ್ನೆಲ್ಲ ಎತ್ತಿಡಿ. ಎಂಟು ನಿಮಿಷವಾದರೂ ತೆರೆಯದವನ್ನು ಬಿಸಾಡಿ. ತಳದ ರಸವನ್ನು ಕಾಫಿ ಸೋಸುವ ಕಾಗದದಲ್ಲಿ ಇಳಿಸಿ. ನಿಧಾನವಾಗಿ ಇಳಿಯುತ್ತದೆ, ಹಿಂಡಬೇಡಿ. ಕೊನೆಯ ಎರಡು ಚಮಚ ಪಾತ್ರೆಯಲ್ಲೇ ಉಳಿಯಲಿ, ನುಣ್ಣನೆಯ ಮರಳು ಅಲ್ಲಿರುತ್ತದೆ. ಹೆಚ್ಚುಕಡಿಮೆ ಎರಡು ಲೋಟದಷ್ಟು ರಸ ಸಿಗುತ್ತದೆ. ಬಣ್ಣ ತುಸು ಹಾಲು ಬೆರೆತ ಬೂದಿಯಂತೆ ಇರುತ್ತದೆ, ವಾಸನೆ ಸಮುದ್ರದ ಗಾಳಿಯದು. ಆ ಪರಿಮಳವನ್ನು ಒಮ್ಮೆ ಮೂಸಿದರೆ ಬಾಟಲಿಯ ನೆನಪೇ ಬರುವುದಿಲ್ಲ.

ಮಾಂಸವನ್ನು ಬಿಸಾಡಬೇಡಿ, ಅಂದೇ ಬೆಣ್ಣೆ, ಬೆಳ್ಳುಳ್ಳಿ ಹಾಕಿ ತಿಂದುಬಿಡಿ.

ಬೋ ನದಿಯ ದಂಡೆ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಧನ್ಯವಾದ. ಒಂದು ಉಪಪ್ರಶ್ನೆ. ಮುಂದಿನ ವಾರ ಕೆಲಸದ ಮೇಲೆ ನಿಮ್ಮ ದ್ವೀಪದ ನನೈಮೊ ಊರಿಗೆ ಹೋಗುವುದಿದೆ. ಇಳಿತದ ಸಮಯದಲ್ಲಿ ದಡದಲ್ಲೇ ಮರುವಾಯಿ ಅಗೆದು ತರಬಹುದೆಂದು ಸಹೋದ್ಯೋಗಿ ಹೇಳಿದರು. ತಾಜಾ ಆದಷ್ಟೂ ಒಳ್ಳೆಯದಲ್ಲವೇ?

ಕಡಲ ಮಗ್ಗುಲು

ದಯವಿಟ್ಟು ಹಾಗೆಯೇ ಹೋಗಿ ಅಗೆಯಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸಮುದ್ರದಲ್ಲಿ ಕೆಲವು ಸೂಕ್ಷ್ಮ ಪಾಚಿಗಳು ಹೆಚ್ಚಿದಾಗ ಅವನ್ನು ಸೋಸಿ ತಿನ್ನುವ ಮರುವಾಯಿ, ನೀಲಿಕಲ್ಲು (ಮಸಲ್) ಎಂಬ ಚಿಪ್ಪುಜೀವಿಗಳ ಮೈಯಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಮೊದಲು ತುಟಿ, ನಾಲಗೆ ಜುಮ್ಮೆನ್ನುತ್ತದೆ. ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಬೇಯಿಸಿದರೂ, ಹೆಪ್ಪುಗಟ್ಟಿಸಿದರೂ ಅದು ಹೋಗುವುದಿಲ್ಲ. ನೀರು ಕೆಂಪಾಗಿ ಕಾಣಲೇಬೇಕೆಂದೂ ಇಲ್ಲ, ತಿಳಿಯಾಗಿದ್ದಾಗಲೂ ವಿಷವಿರಬಹುದು. 1793ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಅವರ ತಂಡದವರು ಈ ತೀರದಲ್ಲಿ ನೀಲಿಕಲ್ಲು ತಿಂದು, ಜಾನ್ ಕಾರ್ಟರ್ ಎಂಬ ನಾವಿಕ ತೀರಿಕೊಂಡ. ಆ ಜಾಗಕ್ಕೆ ಇಂದಿಗೂ ಪಾಯ್ಸನ್ ಕೋವ್ ಎಂದೇ ಹೆಸರು.

ಅಗೆಯುವುದು ತಪ್ಪಲ್ಲ. ಕೇಂದ್ರ ಸರಕಾರದ ಮೀನುಗಾರಿಕೆ ಮತ್ತು ಸಾಗರ ಇಲಾಖೆಯ ಉಪ್ಪುನೀರಿನ ಮೀನುಗಾರಿಕೆ ಪರವಾನಗಿ ಪಡೆಯಬೇಕು, ಹೋಗುವ ದಿನವೇ ಆ ದಡ ತೆರೆದಿದೆಯೋ ಮುಚ್ಚಿದೆಯೋ ಎಂದು ಇಲಾಖೆಯ ಪ್ರಕಟಣೆ ನೋಡಬೇಕು, ದಿನಕ್ಕೆ ಎಷ್ಟು, ಯಾವ ಗಾತ್ರದ್ದು ಎಂಬ ಮಿತಿ ಪಾಲಿಸಬೇಕು. ಮೊದಲ ಸಲಕ್ಕೆ ಅಂಗಡಿಯಿಂದಲೇ ತನ್ನಿ. ಅಲ್ಲಿ ಮಾರುವುದು ಪರೀಕ್ಷೆಗೆ ಒಳಪಟ್ಟ ಜಾಗಗಳಿಂದ ಬಂದದ್ದು.

ಪೂರ್ವತೀರ

ನೋವಾ ಸ್ಕೋಶಿಯಾದಿಂದ. ಫಂಡಿ ಕೊಲ್ಲಿಯಲ್ಲೂ ಇದೇ ತೊಂದರೆ ಇದೆ, ನಾವೂ ಇಲಾಖೆಯ ನಕ್ಷೆ ನೋಡದೆ ಗುದ್ದಲಿ ಹಿಡಿಯುವುದಿಲ್ಲ. ಇಲ್ಲಿಯ ಮೃದು ಚಿಪ್ಪಿನ ಮರುವಾಯಿಯ ರುಚಿ ಅದ್ಭುತ, ಆದರೆ ಅದರ ಹೊಟ್ಟೆಯ ತುಂಬ ಮರಳು. ಅದನ್ನು ರಸಕ್ಕೆ ಬಳಸುವುದಾದರೆ ನೆನೆಸುವ ನೀರನ್ನು ಎರಡು ಮೂರು ಸಲ ಬದಲಿಸಬೇಕು. ಕ್ವಾಹಾಗ್ ಎಂಬ ಗಟ್ಟಿ ಚಿಪ್ಪಿನದು ಸ್ವಚ್ಛ, ರಸವೂ ಗಾಢ.

ಕ್ಯಾಲ್ಗರಿಯಲ್ಲಿ ಜೀವಂತ ಮರುವಾಯಿ ಸಿಗದ ವಾರಗಳಿಗೆ ಇನ್ನೊಂದು ದಾರಿ ಹೇಳುತ್ತೇನೆ: ಸಣ್ಣ ಗಾಜಿನ ಬಾಟಲಿಯಲ್ಲಿ ಬರೀ ಮರುವಾಯಿ ರಸ ಮಾರುತ್ತಾರೆ, ಸೂಪಿಗೆ ಬಳಸುವುದು. ಟೊಮೇಟೊ, ಸಕ್ಕರೆ ಯಾವುದೂ ಅದರಲ್ಲಿಲ್ಲ. ಉಪ್ಪು ಮಾತ್ರ ವಿಪರೀತ. ಅದನ್ನು ಬಳಸಿದರೆ ಉಪ್ಪಿಲ್ಲದ ಟೊಮೇಟೊ ರಸವನ್ನೇ ಕೊಳ್ಳಿ.

ಮಣ್ಣಿನ ಮಡಕೆ

ಬಾಟಲಿಯ ಮಿಶ್ರಣ ಬೇಡವೆನ್ನಲು ಸಿಹಿಗಿಂತ ದೊಡ್ಡ ಕಾರಣವಿದೆ. ಅದರಲ್ಲಿ ಮೋನೋಸೋಡಿಯಂ ಗ್ಲುಟಮೇಟ್ ಇದೆ, ಹಿಂದಿನ ಚೀಟಿಯಲ್ಲೇ ಬರೆದಿದ್ದಾರೆ. ಮನೆಯಲ್ಲಿ ಮಾಡುವುದರ ಮುಖ್ಯ ಲಾಭವೇ ಆ ರಾಸಾಯನಿಕದಿಂದ ಬಿಡುಗಡೆ ಪಡೆಯುವುದು ಎಂದು ನಾನು ತಿಳಿದಿದ್ದೇನೆ.

ತಿಳಿಸಾರು

ಮಣ್ಣಿನ ಮಡಕೆಯವರೇ, ನೀವು ಕೊಳ್ಳದಿರುವುದು ನಿಮ್ಮ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮನೆಯ ಸೀಸರ್‌ನಲ್ಲಿ ಗ್ಲುಟಮೇಟ್ ಇರುವುದಿಲ್ಲ ಎಂದುಕೊಳ್ಳಬೇಡಿ. ಟೊಮೇಟೊ ಹಣ್ಣಾದಂತೆ ಅದರಲ್ಲಿ ತಾನಾಗಿಯೇ ತುಂಬಿಕೊಳ್ಳುವುದು ಅದೇ ವಸ್ತು. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನೇ ಇಕೆಡಾ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಅದನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ನಾಲಗೆಗೆ ಟೊಮೇಟೊದ ಗ್ಲುಟಮೇಟ್ ಮತ್ತು ಪುಡಿಯ ಗ್ಲುಟಮೇಟ್ ಬೇರೆಯಲ್ಲ. ಹೊರಗಿನಿಂದ ಸೇರಿಸಿದ್ದರೆ ಚೀಟಿಯಲ್ಲಿ ಬರೆಯಬೇಕು ಎಂಬುದು ಕೆನಡಾದ ನಿಯಮ, ಅದಕ್ಕೇ ನಿಮಗೆ ಅದು ಕಂಡದ್ದು.

ಈ ಪಾನೀಯದ ಗುಟ್ಟು ಇರುವುದೂ ಇಲ್ಲೇ. ಟೊಮೇಟೊ ಒಂದೇ ಇದ್ದರೆ ರುಚಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಚಿಪ್ಪುಜೀವಿಗಳ ಮಾಂಸದಲ್ಲಿ ನ್ಯೂಕ್ಲಿಯೊಟೈಡ್ ಎಂಬ ಇನ್ನೊಂದು ಬಗೆಯ ವಸ್ತುಗಳಿವೆ. ಅವು ಗ್ಲುಟಮೇಟ್ ಜೊತೆ ಸೇರಿದಾಗ ಉಮಾಮಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. ಮರುವಾಯಿಯಲ್ಲಿ ಸಕ್ಸಿನಿಕ್ ಆಮ್ಲವೂ ಇದೆ, ಆ ವಿಶಿಷ್ಟ ಕಡಲ ರುಚಿಗೆ ಅದರ ಪಾಲು ದೊಡ್ಡದು. ವೂಸ್ಟರ್‌ಶೈರ್ ಸಾಸ್‌ನಲ್ಲಿ ಹುದುಗಿಸಿದ ಆಂಚೊವಿ ಮೀನು ಮತ್ತು ಹುಣಸೆ ಇರುವುದರಿಂದ ಅದೂ ಇದೇ ದಿಕ್ಕಿಗೆ ತಳ್ಳುತ್ತದೆ. ವೋಡ್ಕಾ, ಟೊಮೇಟೊ ರಸದ ಪಾನೀಯವಾದ ಬ್ಲಡಿ ಮೇರಿಗೆ ಹೋಲಿಸಿದರೆ ಸೀಸರ್ ತೆಳ್ಳಗಿದ್ದೂ ತುಂಬಿದಂತೆ ಅನಿಸುವುದಕ್ಕೆ ಕಾರಣ ಇದು. ನೀರು ಬೆರೆತ ಟೊಮೇಟೊ ರಸವೆಂದು ಅದನ್ನು ಹಗುರವಾಗಿ ಕಾಣುವವರಿಗೆ ನಾನು ಯಾವಾಗಲೂ ಇದನ್ನೇ ವಿವರಿಸುತ್ತೇನೆ.

ಹುಳಿಖಾರ

ಚೆಲ್ ಅವರ ಕಥೆ ಅರ್ಧ ಗೊತ್ತಿತ್ತು, ಮರುವಾಯಿ ಜಜ್ಜಿದ ಭಾಗ ಗೊತ್ತಿರಲಿಲ್ಲ. ನನ್ನ ಮೊದಲ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಟೊಮೇಟೊ ವಿಷಯದಲ್ಲಿ ನನಗೆ ಅನುಭವವಿದೆ, ಅದನ್ನು ಹೇಳುತ್ತೇನೆ.

ಮೇ ತಿಂಗಳಲ್ಲಿ ಕೆನಡಾದ ಅಂಗಡಿಯ ತಾಜಾ ಟೊಮೇಟೊ ಬೇಡ. ಬಣ್ಣವಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಸಿಪ್ಪೆ ಸುಲಿದ ಇಡೀ ಟೊಮೇಟೊದ 796 ಮಿಲಿಲೀಟರಿನ ಡಬ್ಬಿ ತೆಗೆದುಕೊಳ್ಳಿ, ಉಪ್ಪು ಸೇರಿಸದ ಬಗೆ ಸಿಕ್ಕರೆ ಇನ್ನೂ ಒಳ್ಳೆಯದು. ಹೊಲದಲ್ಲೇ ಹಣ್ಣಾದಾಗ ಕಿತ್ತು ಡಬ್ಬಿಗೆ ತುಂಬಿದ್ದಾದ್ದರಿಂದ ರುಚಿ ಒಳಗೆ ಕುಳಿತಿರುತ್ತದೆ. ಬೀಜದ ಸುತ್ತಲಿನ ಲೋಳೆಯನ್ನು ತೆಗೆದು ಚೆಲ್ಲುವವರಿದ್ದಾರೆ. ಗ್ಲುಟಮೇಟ್ ತಿರುಳಿಗಿಂತ ಹೆಚ್ಚು ಇರುವುದು ಆ ಲೋಳೆಯಲ್ಲೇ, ಚೆಲ್ಲಬೇಡಿ. ಮಿಕ್ಸಿಯನ್ನು ಐದೇ ಸೆಕೆಂಡು ತಿರುಗಿಸಿ. ಹೆಚ್ಚು ಹೊತ್ತು ರುಬ್ಬಿದರೆ ಗಾಳಿ ಸೇರಿ ಗುಲಾಬಿಯಾಗುತ್ತದೆ, ಬೀಜ ಒಡೆದು ಕಹಿಯಾಗುತ್ತದೆ. ಜರಡಿಯಲ್ಲಿ ಸೌಟಿನ ಹಿಂಬದಿಯಿಂದ ಒತ್ತಿ ಇಳಿಸಿ.

ಮೂರು ಪಾಲು ಟೊಮೇಟೊ, ಒಂದು ಪಾಲು ಮರುವಾಯಿ ರಸ. ಬೆರೆಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಮಾಡಿದ ಕೂಡಲೇ ಕುಡಿದರೆ ಟೊಮೇಟೊ ಬೇರೆ, ಕಡಲು ಬೇರೆ. ಬೆಳಗಾಗುವಷ್ಟರಲ್ಲಿ ಒಂದಾಗಿರುತ್ತವೆ.

ಹಸಿರೆಲೆ

ಸಸ್ಯಾಹಾರಿ ಲೋಟದ ಬಗ್ಗೆ ಯಾರೂ ಇನ್ನೂ ಉತ್ತರಿಸಿಲ್ಲ. ನಾನೂ ಸಸ್ಯಾಹಾರಿ. ವಿನಿಪೆಗ್‌ನಲ್ಲಿ ಸ್ನೇಹಿತರ ಕೂಟಗಳಲ್ಲಿ ವರ್ಷಗಟ್ಟಲೆ ಬರೀ ಟೊಮೇಟೊ ರಸ ಹಿಡಿದು ಕುಳಿತವಳು. ಈಗ ನನ್ನದೇ ಒಂದು ದಾರಿ ಇದೆ.

ತಿಳಿಸಾರು ಅವರು ಹೇಳಿದ ಆ ಎರಡು ವಸ್ತುಗಳ ಜೋಡಿ ಸಸ್ಯಲೋಕದಲ್ಲೂ ಸಿಗುತ್ತದೆ. ಕೊಂಬು ಪಾಚಿಯಲ್ಲಿ ಗ್ಲುಟಮೇಟ್, ಒಣಗಿಸಿದ ಶಿಟಾಕೆ ಅಣಬೆಯಲ್ಲಿ ಗ್ವಾನಿಲೇಟ್ ಎಂಬ ನ್ಯೂಕ್ಲಿಯೊಟೈಡ್. ಅಂಗೈಯ ಅರ್ಧದಷ್ಟು ಕೊಂಬು ಚೂರು, ನಾಲ್ಕು ಒಣ ಅಣಬೆ, ಅರ್ಧ ಲೀಟರ್ ತಣ್ಣೀರು. ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಯಲಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ತಕ್ಷಣ ಕೊಂಬು ತೆಗೆದುಬಿಡಿ. ಕುದಿದರೆ ಲೋಳೆಯೂ ಕಹಿಯೂ ಬರುತ್ತದೆ. ಅಣಬೆ ಇನ್ನೈದು ನಿಮಿಷ ಇರಲಿ. ಸೋಸಿ, ಅರ್ಧ ಚಮಚ ಉಪ್ಪು ಹಾಕಿದರೆ ಮರುವಾಯಿ ರಸದ ಜಾಗಕ್ಕೆ ಸಿದ್ಧ. ಪಾಲು ಅದೇ, ಮೂರಕ್ಕೆ ಒಂದು.

ವೂಸ್ಟರ್‌ಶೈರ್ ಸಾಸ್‌ನಲ್ಲಿ ಮೀನಿದೆ ಎಂಬುದನ್ನು ಮರೆಯಬೇಡಿ, ಬಹಳ ಮಂದಿ ಮರೆಯುತ್ತಾರೆ. ಸೋಯಾ ಸಾಸ್ ಎರಡು ಚಮಚ, ಗಟ್ಟಿ ಹುಣಸೆ ರಸ ಒಂದು ಚಮಚ, ಜೋನಿ ಬೆಲ್ಲ ಕಾಲು ಚಮಚ, ಒಂದು ಚಿಟಿಕೆ ಲವಂಗದ ಪುಡಿ, ಸ್ವಲ್ಪ ವಿನೆಗರ್ ಬೆರೆಸಿದರೆ ಅದರ ಕೆಲಸ ಮಾಡುತ್ತದೆ. ಪಾತ್ರೆ, ಸೌಟು, ಜರಡಿ ಎಲ್ಲವೂ ಬೇರೆ ಇರಲಿ. ನಿಮ್ಮ ಗಂಡ ಕೇಳದಿದ್ದರೂ ನೀವಾಗಿಯೇ ಬೇರೆ ಇಡಿ.

ಪೂರ್ವತೀರ

ಬೇರೆ ಪಾತ್ರೆಯ ಮಾತು ಬಂದದ್ದು ಒಳ್ಳೆಯದಾಯಿತು. ಬರುವ ಎಂಟು ಜನರನ್ನೂ ಮೊದಲೇ ಕೇಳಿ: ಚಿಪ್ಪುಜೀವಿಗಳ ಅಲರ್ಜಿ ಯಾರಿಗಾದರೂ ಇದೆಯೇ? ಕೆನಡಾದಲ್ಲಿ ಆಹಾರದ ಚೀಟಿಯ ಮೇಲೆ ಕಡ್ಡಾಯವಾಗಿ ತಿಳಿಸಬೇಕಾದ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಮರುವಾಯಿಯ ಬಳಗವೂ ಇದೆ. ಮನೆಯ ಜಗ್ಗಿಗೆ ಚೀಟಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಅತಿಥಿಯೊಬ್ಬರು ಇದನ್ನು ಬರೀ ಟೊಮೇಟೊ ರಸವೆಂದು ತಿಳಿದು ಕುಡಿದು, ಮುಖ ಊದಿ, ತುರ್ತು ಚಿಕಿತ್ಸೆಗೆ ಓಡಬೇಕಾಯಿತು. ಅಂದಿನಿಂದ ಪ್ರತಿ ಜಗ್ಗಿನ ಮೇಲೆ ಕಾಗದ ಅಂಟಿಸುತ್ತೇನೆ.

ಮೂರು ಹನಿ

ಹತ್ತು ವರ್ಷ ಬಾರಿನ ಹಿಂದೆ ನಿಂತು ದುಡಿದಿದ್ದೇನೆ. ರಸದ ಬಗ್ಗೆ ಇಷ್ಟು ಚೆನ್ನಾಗಿ ಬರೆದಿದ್ದೀರಿ, ಲೋಟದ ಕೆಲಸವನ್ನು ನಾನು ಹೇಳುತ್ತೇನೆ.

ನಾವು ಹೊಸಬರಿಗೆ ಕಲಿಸುತ್ತಿದ್ದ ಲೆಕ್ಕ ಒಂದು, ಎರಡು, ಮೂರು, ನಾಲ್ಕು. ಒಂದು ಔನ್ಸ್ ವೋಡ್ಕಾ, ಅಂದರೆ ಸುಮಾರು 30 ಮಿಲಿ. ಖಾರದ ಸಾಸ್ ಎರಡು ಚಿಮುಕು. ಉಪ್ಪು, ಮೆಣಸು ಮೂರು ಚಿಟಿಕೆ. ವೂಸ್ಟರ್‌ಶೈರ್ ನಾಲ್ಕು ಚಿಮುಕು. ಆಮೇಲೆ ಲೋಟ ತುಂಬುವಷ್ಟು ರಸ. ಮನೆಯ ಮರುವಾಯಿ ರಸ ಬಳಸುವಾಗ ಉಪ್ಪಿನ ಚಿಟಿಕೆಯನ್ನು ಬಿಟ್ಟುಬಿಡಿ, ರುಚಿ ನೋಡಿದ ಮೇಲೆ ಬೇಕಾದರೆ ಹಾಕಿ. ಕೆನಡಾದಲ್ಲಿ ಒಂದು ಪ್ರಮಾಣಿತ ಪೇಯವೆಂದರೆ 40 ಶೇಕಡಾ ಮದ್ಯದ 43 ಮಿಲಿ. ಇದು ಅದಕ್ಕಿಂತ ಕಡಿಮೆ. ಮಧ್ಯಾಹ್ನದ ಪಾನೀಯ ಹಾಗೇ ಇರಲಿ.

ಕುಲುಕುವುದು ಬೇಡ. ಟೊಮೇಟೊ ರಸವನ್ನು ಕುಲುಕಿದರೆ ನೊರೆ ಎದ್ದು, ಮಂಜುಗಡ್ಡೆ ಒಡೆದು ನೀರಾಗುತ್ತದೆ. ನಿಮಗೆ ಆದದ್ದು ಅದೇ. ಎರಡು ದೊಡ್ಡ ಲೋಟ ಹಿಡಿದು ಒಂದರಿಂದ ಇನ್ನೊಂದಕ್ಕೆ ಐದಾರು ಸಲ ಸುರಿಯಿರಿ, ಬಿಸಿ ಕಾಫಿ ಆರಿಸುವಂತೆ, ಆದರೆ ಅಷ್ಟು ಎತ್ತರದಿಂದಲ್ಲ. ಮಂಜುಗಡ್ಡೆ ದೊಡ್ಡ ತುಂಡುಗಳಾಗಿರಲಿ. ರಸದ ಒಂದು ಭಾಗವನ್ನೇ ಅಚ್ಚಿನಲ್ಲಿ ಗಟ್ಟಿಗೊಳಿಸಿಟ್ಟರೆ ಕೊನೆಯ ಗುಟುಕಿನವರೆಗೂ ರುಚಿ ತೆಳುವಾಗುವುದಿಲ್ಲ.

ಅಂಚಿನ ಉಪ್ಪಿಗೆ ಒಂದು ಪಾಲು ಸೆಲರಿ ಬೀಜವನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಪುಡಿಮಾಡಿ, ಎರಡು ಪಾಲು ಉಪ್ಪಿನ ಜೊತೆ ಬೆರೆಸಿ. ನಿಂಬೆ ಹೋಳನ್ನು ಲೋಟದ ಹೊರಗಿನ ಅಂಚಿಗೆ ಮಾತ್ರ, ಅದೂ ಅರ್ಧ ಸುತ್ತು ಉಜ್ಜಿ. ಒಳಗೆ ಹಚ್ಚಿದರೆ ಉಪ್ಪು ರಸಕ್ಕೆ ಬಿದ್ದು ಎಲ್ಲ ಲೆಕ್ಕ ತಪ್ಪುತ್ತದೆ. ಅರ್ಧ ಬಿಟ್ಟರೆ ಕುಡಿಯುವವರು ಪ್ರತಿ ಗುಟುಕಿಗೂ ಉಪ್ಪು ಬೇಕೋ ಬೇಡವೋ ಆರಿಸಿಕೊಳ್ಳಬಹುದು.

ಅಲಂಕಾರಕ್ಕೆ ಸೆಲರಿ ದಂಟು, ಒಂದು ನಿಂಬೆ ಹೋಳು. ಖಾರದ ಉಪ್ಪಿನಕಾಯಿಯಾಗಿಸಿದ ಹುರುಳಿಕಾಯಿ ಇದ್ದರೆ ಇನ್ನೂ ಚೆಂದ. ಲೋಟದ ಮೇಲೆ ಬರ್ಗರ್, ಹುರಿದ ಕೋಳಿ ನಿಲ್ಲಿಸುವ ಬಾರುಗಳು ಈಗ ಇವೆ. ನನಗೆ ಅದು ಹಿಡಿಸುವುದಿಲ್ಲ. ಇಷ್ಟು ಕಾಳಜಿಯಿಂದ ತೆಗೆದ ರಸ ಮೂಗಿಗೆ ಮೊದಲು ತಾಗಬೇಕು, ಎಣ್ಣೆಯ ವಾಸನೆಯಲ್ಲ.

ಹಸಿರೆಲೆ

ಮದ್ಯವಿಲ್ಲದೆ ಮಾಡುವುದಾದರೆ?

ಮೂರು ಹನಿ

ವೋಡ್ಕಾದ ಬದಲು ಉಪ್ಪಿನಲ್ಲಿಟ್ಟ ಸೌತೆಕಾಯಿಯ ನೀರು ಒಂದು ಚಮಚ, ನಿಂಬೆ ರಸ ಒಂದು ಚಮಚ, ತುರಿದ ಹಾರ್ಸ್‌ರ‍್ಯಾಡಿಶ್ ಕಾಲು ಚಮಚ. ಮದ್ಯ ಗಂಟಲಿಗೆ ಕೊಡುವ ಚುರುಕನ್ನು ಈ ಮೂರು ತುಂಬಿಕೊಡುತ್ತವೆ. ಮದ್ಯ ಕುಡಿಯದವರ ಲೋಟಕ್ಕೂ ಅಂಚಿನ ಉಪ್ಪು, ಸೆಲರಿ ದಂಟು ಎಲ್ಲವೂ ಅದೇ ಮರ್ಯಾದೆಯಿಂದ ಇರಲಿ.

ಬೋ ನದಿಯ ದಂಡೆ

ಮೊದಲ ವರದಿ. ನನೈಮೊದಲ್ಲಿ ಅಗೆಯಲಿಲ್ಲ. ಕ್ಯಾಲ್ಗರಿಯ ಮೀನಿನ ಅಂಗಡಿಯಿಂದ ಒಂದು ಕಿಲೋ ಮನಿಲಾ ತಂದೆ. ನಾಲ್ಕು ಸತ್ತಿದ್ದವು, ಬಿಸಾಡಿದೆ. ಐದು ನಿಮಿಷಕ್ಕೇ ಎಲ್ಲವೂ ಬಾಯಿ ಬಿಟ್ಟವು. ಸೋಸಲು ಅರ್ಧ ಗಂಟೆ ಹಿಡಿಯಿತು, ಹಿಂಡಲಿಲ್ಲ. ಮೂಸಿದಾಗ ದೋಣಿಯಿಲ್ಲ, ಮರಳಿಲ್ಲ. ಕಡಲ ಮಗ್ಗುಲು ಹೇಳಿದ ಗಾಳಿಯೇ ಇತ್ತು!

ಟೊಮೇಟೊ ಡಬ್ಬಿಯದು, ಮೂರಕ್ಕೆ ಒಂದು, ರಾತ್ರಿಯಿಡೀ ಫ್ರಿಜ್ಜಿನಲ್ಲಿ. ಬೆಳಿಗ್ಗೆ ರುಚಿ ನೋಡಿದೆ. ಆಳವಿದೆ, ಆದರೆ ಏನೋ ಒಂದು ಕಡಿಮೆ. ಹುಳಿ ಚೂಪಾಗಿ ಚುಚ್ಚುತ್ತದೆ, ದುಂಡಗಾಗಿಲ್ಲ. ಉಪ್ಪು ಸರಿಯಾಗಿದೆ. ಏನು ಮಾಡಲಿ? ನಾಲ್ಕು ದಿನ ಉಳಿದಿದೆ.

ಹುಳಿಖಾರ

ಕಡಿಮೆಯಾಗಿರುವುದು ಸಿಹಿ. ಹೇಳಲು ಸಂಕೋಚವಾಗುತ್ತಿದೆ, ಏಕೆಂದರೆ ಈ ಚರ್ಚೆ ಶುರುವಾದದ್ದೇ ಸಿಹಿ ಬೇಡವೆಂದು. ಆದರೆ ಡಬ್ಬಿಯ ಟೊಮೇಟೊಗೆ ಸಾಮಾನ್ಯವಾಗಿ ಸಿಟ್ರಿಕ್ ಆಮ್ಲ ಸೇರಿಸಿರುತ್ತಾರೆ, ಅದಕ್ಕೇ ಚೂಪು. ಒಂದು ಲೀಟರಿಗೆ ಅರ್ಧ ಚಮಚ ಸಕ್ಕರೆ ಸಾಕು. ಸಿಹಿ ಎಂದು ಗೊತ್ತಾಗಬಾರದು, ಹುಳಿಯ ಮೊನೆ ಮಾತ್ರ ಮಡಚಬೇಕು. ಅಥವಾ ಒಂದು ಸಣ್ಣ ಈರುಳ್ಳಿಯನ್ನು ಬಣ್ಣ ಬಾರದಂತೆ ಮೆತ್ತಗೆ ಬಾಡಿಸಿ ಟೊಮೇಟೊ ಜೊತೆ ರುಬ್ಬಿ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಕಡಲ ಮಗ್ಗುಲು

ಈರುಳ್ಳಿಗೆ ನನ್ನದೂ ಬೆಂಬಲ. ಇನ್ನೊಂದು ಮಾತು: ಎಂಟು ಜನರಿಗೆ ಒಂದು ಕಿಲೋ ಸಾಲುವುದೋ ಎಂದು ಯೋಚಿಸುತ್ತಿದ್ದರೆ, ಸಾಲುತ್ತದೆ. ಲೋಟಕ್ಕೆ 150 ಮಿಲಿ ಮಿಶ್ರಣವೆಂದರೆ ಎಂಟು ಲೋಟಕ್ಕೆ 1200 ಮಿಲಿ, ಅದರಲ್ಲಿ ಮರುವಾಯಿ ರಸದ ಪಾಲು 300 ಮಿಲಿ. ಟೊಮೇಟೊ ಮಾತ್ರ ಒಂದು ಡಬ್ಬಿ ಸಾಲದು, ಎರಡು ತೆರೆಯಿರಿ.

ಬೋ ನದಿಯ ದಂಡೆ

ಸೋಮವಾರ ರಾತ್ರಿ ಬರೆಯುತ್ತಿದ್ದೇನೆ, ಅತಿಥಿಗಳು ಈಗಷ್ಟೇ ಹೊರಟರು.

ಈರುಳ್ಳಿ ಬಾಡಿಸಿ ಸೇರಿಸಿದೆ, ಸಕ್ಕರೆ ಹಾಕಲಿಲ್ಲ. ಶನಿವಾರ ಮರುವಾಯಿ ರಸ, ಭಾನುವಾರ ಮಿಶ್ರಣ, ಇಂದು ಲೋಟಕ್ಕೆ. ಎರಡು ಜಗ್, ಎರಡಕ್ಕೂ ಕಾಗದ ಅಂಟಿಸಿದ್ದೆ. ಅಲರ್ಜಿ ಕೇಳಿದ್ದು ಸಾರ್ಥಕವಾಯಿತು: ಒಬ್ಬರಿಗೆ ಸೀಗಡಿ ಆಗುವುದಿಲ್ಲವಂತೆ, ಮರುವಾಯಿಯನ್ನು ಪರೀಕ್ಷಿಸಿ ನೋಡಿಲ್ಲವಂತೆ. ಅವರಿಗೆ ಕೊಂಬು ಜಗ್ಗಿನಿಂದಲೇ ಕೊಟ್ಟೆ. ನನ್ನ ಗಂಡ ಮೊದಲ ಗುಟುಕು ಕುಡಿದು ಸುಮ್ಮನೆ ನಿಂತರು. ಏಳು ವರ್ಷ ಎಲ್ಲರೂ ಹೊಗಳುತ್ತಿದ್ದ ರುಚಿ ಏನೆಂದು ಈಗ ತಿಳಿಯಿತು ಎಂದರು. ಆ ಮಾತಿಗೆ ನನ್ನ ಕಣ್ಣು ತುಂಬಿತು, ಹಸಿರೆಲೆಯವರೇ. ಕೊಂಬು ಜಗ್ಗೇ ಮೊದಲು ಖಾಲಿಯಾಯಿತು.

ಕಳೆದ ಸಲ ಲೋಟ ಕೆಳಗಿಟ್ಟ ಆ ಇಬ್ಬರೂ ಬಂದಿದ್ದರು. ಒಬ್ಬರು ಎರಡನೆಯ ಲೋಟ ಕೇಳಿ ಪಡೆದರು. ಇನ್ನೊಬ್ಬರು ಇಲ್ಲೇ ಹುಟ್ಟಿ ಬೆಳೆದವರು, ಇದು ಬಾಟಲಿಯದಕ್ಕಿಂತ ಖಾರ, ಆದರೆ ತನಗೆ ಬಾಟಲಿಯದೇ ರೂಢಿ ಎಂದು ಪ್ರಾಮಾಣಿಕವಾಗಿ ಹೇಳಿದರು. ಹುಳಿಖಾರ ಅವರ ಮೊದಲ ಮಾತು ನೆನಪಾಯಿತು.

ಈಗ ಸುಮಾರು ನೂರು ಮಿಲಿ ಮರುವಾಯಿ ರಸ ಉಳಿದಿದೆ. ಎಷ್ಟು ದಿನ ಇಡಬಹುದು?

ಕಡಲ ಮಗ್ಗುಲು

ಶನಿವಾರದ್ದಾದರೆ ಇಂದಿಗೆ ಎರಡು ದಿನ ಕಳೆದಿದೆ, ಫ್ರಿಜ್ಜಿನಲ್ಲಿ ಇನ್ನು ಇಡಬೇಡಿ. ಈ ರಾತ್ರಿಯೇ ಮಂಜುಗಡ್ಡೆಯ ಅಚ್ಚಿಗೆ ಸುರಿದು ಹೆಪ್ಪುಗಟ್ಟಿಸಿ, ನಾಳೆ ಚೀಲಕ್ಕೆ ಹಾಕಿ ದಿನಾಂಕ ಬರೆಯಿರಿ. ಎರಡು ತಿಂಗಳೊಳಗೆ ಬಳಸಿ. ಒಂದು ತುಂಡು ಸುಮಾರು 30 ಮಿಲಿ ಇದ್ದರೆ, ಒಂದು ಲೋಟಕ್ಕೆ ಒಂದು ತುಂಡಿಗಿಂತ ಸ್ವಲ್ಪ ಹೆಚ್ಚು.